ಯುದ್ಧ ಮುಗಿದ ಕಾಲದಲ್ಲಿ ಮಂಗಳೂರಿನ ಕೂಲಿ ಹೆಂಗಸೊಬ್ಬಳು ಗಂಡನನ್ನು ಬಿಟ್ಟು ಬರಲು ಸಾಧ್ಯವಿತ್ತೇ?

1946ರ ಹೊತ್ತಿನ ಮಂಗಳೂರಿನ ಕಾರ್ಮಿಕ ಕುಟುಂಬದ ಕಥೆ ಬರೆಯುತ್ತಿದ್ದೇನೆ, ಅದರಲ್ಲಿ ಹೆಂಡತಿ ಗಂಡನನ್ನು ಬಿಟ್ಟು ಬರುತ್ತಾಳೆ, ಓದುವವರು ನಂಬುತ್ತಾರಾ ಅಂತ ಕೇಳಿದ್ದೀರಿ. ಖಂಡಿತ ನಂಬಬಹುದು. ನನ್ನ ಅಜ್ಜಿಯೇ ಹಾಗೆ ಬಂದವಳು. ಆದರೆ ಬಿಟ್ಟು ಬರುವ ದೃಶ್ಯವನ್ನೇ ದೊಡ್ಡದು ಮಾಡಬೇಡಿ. ಕಷ್ಟ ಇದ್ದದ್ದು ಅಲ್ಲಲ್ಲ.

ಅಜ್ಜಿ ಬೋಳಾರದ ಕಡೆ ಒಂದು ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದಳು. ಬಾಸೆಲ್ ಮಿಶನ್‌ನವರು 1865ರಲ್ಲಿ ಜಪ್ಪುವಿನಲ್ಲಿ ಮೊದಲನೆಯದನ್ನು ಶುರು ಮಾಡಿದ ಮೇಲೆ ನದಿ ಬದಿಯಲ್ಲಿ ಅಂಥವು ತುಂಬಾ ಎದ್ದಿದ್ದವು. ಹಸಿ ಹಂಚನ್ನು ಒಣಗಲಿಕ್ಕೆ ಹೊತ್ತುಕೊಂಡು ಹೋಗುವುದು ಅವಳ ಕೆಲಸ. ಅಜ್ಜನೂ ಅಲ್ಲೇ ಇದ್ದ. 1942ರಲ್ಲಿ ಮಿಲಿಟರಿಗೆ ಸೇರಿದ. ದೇಶ, ರಾಜ ಅಂತೆಲ್ಲ ಏನೂ ಇಲ್ಲ, ತಿಂಗಳ ಸಂಬಳ ಮತ್ತು ಹೊಟ್ಟೆ ತುಂಬ ಊಟ. ಆ ಯುದ್ಧದಲ್ಲಿ ಸೈನ್ಯದಲ್ಲಿದ್ದ 25 ಲಕ್ಷ ಭಾರತೀಯರಲ್ಲಿ ಹೆಚ್ಚಿನವರ ಕಾರಣ ಇದೇ ಇದ್ದೀತು ಅಂತ ನನ್ನ ಲೆಕ್ಕ. ಅವನಿಗೆ ಅಸ್ಸಾಂ ಕಡೆ ಸಾಮಾನು ಸಾಗಿಸುವ ಲಾರಿಯಲ್ಲಿ ಕೆಲಸ ಸಿಕ್ಕಿತು.

ಮನೆಗೆ ಮನಿಯಾರ್ಡರ್ ಬರುತ್ತಿತ್ತು. ಅಜ್ಜಿ ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆದುಕೊಳ್ಳುತ್ತಿದ್ದಳು. ಫಾರ್ಮಿನಲ್ಲಿ ಎರಡು ಸಾಲು ಬರೆಯಲು ಜಾಗ ಇರುವ ಒಂದು ತುಂಡು ಇರುತ್ತಿತ್ತಲ್ಲ, ಪೋಸ್ಟ್‌ಮ್ಯಾನ್ ಅದನ್ನು ಹರಿದು ಕೊಡುತ್ತಿದ್ದ. ಪಕ್ಕದ ಮನೆ ಹುಡುಗನ ಹತ್ತಿರ ಓದಿಸಿದರೆ ಹೆಚ್ಚಿನ ಸಲ ಅದರಲ್ಲಿ ಏನೂ ಇಲ್ಲ. ಒಮ್ಮೆ ಮಾತ್ರ "ಕೋಳಿಗಳನ್ನು ಮಾರಬೇಡ" ಅಂತ ಬರೆದಿತ್ತು. ಅಷ್ಟರಲ್ಲಿ ಅವಳು ಮಾರಿ ಆಗಿತ್ತು.

ಮಾರದೆ ಏನು ಮಾಡುವುದು? 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋದ ಮೇಲೆ ಅಲ್ಲಿಂದ ಬರುವ ಅಕ್ಕಿ ನಿಂತಿತ್ತು. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅಕ್ಕಿಗೆ ರೇಷನ್ ಬಂತು. ಕುಚ್ಚಲಕ್ಕಿ ಗಂಜಿ ಕುಡಿದು ಬೆಳೆದವರ ಕೈಗೆ ಗೋಧಿ ಕೊಟ್ಟರೆ ಏನು ಮಾಡುತ್ತಾರೆ? ಅಜ್ಜಿ ಅದನ್ನು ನೆನೆಸಿ, ಕಡೆಯುವ ಕಲ್ಲಿನಲ್ಲಿ ಕಡೆದು ದೋಸೆ ಹೊಯ್ಯುತ್ತಿದ್ದಳು. ಉಳಿದ ದಿನ ಮರಗೆಣಸು, ಹಲಸಿನ ಬೀಜ, ಬೂತಾಯಿ ಮೀನು ಅಗ್ಗವಾದರೆ ಬೂತಾಯಿ. ಚಿಮಿಣಿ ಎಣ್ಣೆ ಇಲ್ಲದೆ ಕತ್ತಲಾಗುವ ಮೊದಲೇ ಊಟ. ಇಷ್ಟಾದರೂ "ಆಗ ನಾನು ಆರಾಮ ಇದ್ದೆ ಮಾರಾಯ್ತಿ" ಅನ್ನುತ್ತಿದ್ದಳು. ನನಗೆ ಅದು ಅರ್ಥವಾದದ್ದು ನನ್ನ ಮದುವೆಯಾದ ಮೇಲೆ, ಆ ಸುದ್ದಿ ಇಲ್ಲಿ ಬೇಡ.

1946ರಲ್ಲಿ ಅಜ್ಜ ವಾಪಸ್ ಬಂದ. ಕಾರ್ಖಾನೆಯಲ್ಲಿ ಅವನ ಜಾಗಕ್ಕೆ ಬೇರೆ ಜನ ಬಂದಿದ್ದರು. ಮನೆಯಲ್ಲಿ ದುಡಿಯುವವಳು ಹೆಂಡತಿ. ಅವನು ಶೇಂದಿ ಅಂಗಡಿಯಲ್ಲಿ ಕೂತ. ರಾತ್ರಿ ಹೊಡೆತ, ಬೆಳಿಗ್ಗೆ ಮಾತಿಲ್ಲ. ಅಸ್ಸಾಮಿನಲ್ಲಿ ಏನು ನೋಡಿದ ಅಂತ ಅವನು ಹೇಳಲಿಲ್ಲ, ಇವಳು ಕೇಳಲೂ ಇಲ್ಲ. ಈಗ ಅದಕ್ಕೆ ಡಾಕ್ಟರುಗಳು ಹೆಸರು ಕೊಡುತ್ತಾರೆ. ಹೆಸರು ಕೊಟ್ಟರೂ ಹೊಡೆತ ಹೊಡೆತವೇ.

ನಾವು ಬಿಲ್ಲವರು, ಅಳಿಯಕಟ್ಟಿನವರು. ನಿಮಗೆ ಗೊತ್ತಿಲ್ಲದಿದ್ದರೆ: ಇದರಲ್ಲಿ ಕುಟುಂಬ ನಡೆಯುವುದು ತಾಯಿಯ ಕಡೆಯಿಂದ, ಮಕ್ಕಳೂ ತಾಯಿಯ ಕುಟುಂಬಕ್ಕೆ ಸೇರಿದವರು. ಮದುವೆ ಮುರಿಯುವುದಕ್ಕೂ ಮತ್ತೆ ಮದುವೆಯಾಗುವುದಕ್ಕೂ ರೂಢಿಯಲ್ಲೇ ಅವಕಾಶ ಇತ್ತು. ಹಾಗಾಗಿ ಅಜ್ಜಿ ಕದ್ದು ಓಡಿ ಬರಲಿಲ್ಲ. ಕುಟುಂಬದ ದೈವದ ಕೋಲ ಇತ್ತು, ಮಕ್ಕಳಿಬ್ಬರನ್ನು ತಮ್ಮನ ಜೊತೆ ಮೊದಲೇ ಕಳಿಸಿದಳು. ಅವತ್ತು ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಹೋದಳು, ಸಂಜೆ ಗಂಡನ ಮನೆಗೆ ಹೋಗುವ ಬದಲು ಅಮ್ಮನ ಮನೆಗೆ ಹೋದಳು. ಆಮೇಲೆ ಜಾತಿಯ ಮುಖಂಡರಾದ ಗುರಿಕಾರರು, ಹಿರಿಯರು ನಾಲ್ಕು ಜನ ಕೂತರು, ಮಾತಾಯಿತು. ಕರಿಮಣಿ ತೆಗೆದು ಕೊಟ್ಟಳು. ಮುಗಿಯಿತು.

ಮುಗಿಯದೆ ಉಳಿದದ್ದು ರೇಷನ್ ಕಾರ್ಡು. ಮೂವರ ಹೆಸರು ಗಂಡನ ಕಾರ್ಡಿನಲ್ಲಿತ್ತು. ಅಲ್ಲಿಂದ ತೆಗೆಸಿ ಇಲ್ಲಿ ಸೇರಿಸಲು ಅಲೆದದ್ದೇ ಅಲೆದದ್ದು, ಅದೂ ಒಂದು ದಿನದ ಕೂಲಿ ಬಿಟ್ಟು. ಗಂಡನಿಗಿಂತ ಜಾಸ್ತಿ ಅವಳು ಬೈದದ್ದು ಆ ಕಾರ್ಡಿಗೆ.

ಮತ್ತೆ ಅಮ್ಮನ ಮನೆ ಅಂದರೆ ಅಣ್ಣನ ಹೆಂಡತಿಯೂ ಇರುವ ಮನೆ. ಹಕ್ಕು ಅಜ್ಜಿಯದ್ದು, ಒಲೆ ಅತ್ತಿಗೆಯದ್ದು. ಮೂರು ಬಾಯಿ ಜಾಸ್ತಿಯಾದಾಗ ಗಂಜಿಗೆ ನೀರು ಯಾರ ಬಟ್ಟಲಲ್ಲಿ ಹೆಚ್ಚಾಗುತ್ತದೆ ಅಂತ ಬರೆಯಬೇಕಾಗಿಲ್ಲ ಅಲ್ವಾ? ಅಣ್ಣನದ್ದು ಮೂರ್ತೆ ಕೆಲಸ, ತಾಳೆ ಮರ ಹತ್ತಿ ಶೇಂದಿ ಇಳಿಸುವುದು. 1948ರಲ್ಲಿ ಮದ್ರಾಸ್ ಸರಕಾರ ಪ್ರಾಂತ್ಯಕ್ಕೆಲ್ಲ ಪಾನನಿಷೇಧ ತಂದಿತು. ಕುಡಿಯುವ ಗಂಡಂದಿರ ಮನೆಗಳಿಗೆ ಅದರಿಂದ ಒಳ್ಳೆಯದಾಯಿತೋ ಏನೋ. ನಮ್ಮ ಮನೆಯಲ್ಲಿ ಅಣ್ಣನ ದುಡಿಮೆ ನಿಂತಿತು. ಆಮೇಲೆ ಮನೆ ನಡೆದದ್ದು ಅಜ್ಜಿಯ ಕೂಲಿಯಲ್ಲಿ, ಅದರ ಮೇಲೆ ರಾತ್ರಿ ತಡ್ಪೆ, ಅಂದರೆ ಮೊರ, ಮಡಿಲಲ್ಲಿಟ್ಟು ಕಟ್ಟಿದ ಬೀಡಿಯಲ್ಲಿ. ಅತ್ತಿಗೆಯ ಮಾತು ಮೆತ್ತಗಾದದ್ದೂ ಆಗಲೇ. ಮುಂದಿನ ವರ್ಷ ಅಳಿಯಕಟ್ಟಿನವರಿಗೆ ಅಳಿಯಸಂತಾನ ಕಾಯ್ದೆ ಬಂದು ಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕು ಕೊಟ್ಟಿತು. ಗೇಣಿ ಜಾಗದ ಮನೆ, ಪಾಲು ಮಾಡಲು ಎಂತ ಇತ್ತು!

ಹಾಗಾಗಿ ನಿಮ್ಮ ಕಥೆಯ ಹೆಂಗಸು ಯಾವ ಕಟ್ಟಿನವಳು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ. ಬಿಲ್ಲವರು, ಮೊಗವೀರರು, ಬಂಟರು ಆದರೆ ಮೇಲೆ ಹೇಳಿದ ಹಾಗೆ. ಮಕ್ಕಳಕಟ್ಟಿನ, ಅಂದರೆ ತಂದೆಯ ಕಡೆಯಿಂದ ಕುಟುಂಬ ನಡೆಯುವ, ಬ್ರಾಹ್ಮಣರ ಮನೆಯಾದರೆ 1946ರಲ್ಲಿ ವಿಚ್ಛೇದನ ಎಂಬುದೇ ಇಲ್ಲ. ಮದ್ರಾಸಿನಲ್ಲಿ ಹಿಂದೂಗಳಿಗೆ ಆ ಕಾನೂನು ಬಂದದ್ದು 1949ರಲ್ಲಿ, ದೇಶಕ್ಕೆಲ್ಲ 1955ರಲ್ಲಿ. ಹಂಚಿನ ಕಾರ್ಖಾನೆಗಳಲ್ಲಿ ಕ್ರಿಶ್ಚಿಯನ್ ಹೆಂಗಸರೂ ತುಂಬಾ ಇದ್ದರು. ಅವರಿಗೆ 1869ರ ವಿಚ್ಛೇದನ ಕಾಯ್ದೆ ಇತ್ತು. ಆದರೆ ಗಂಡ ಬೇರೆ ಹೆಂಗಸಿನ ಜೊತೆ ಇದ್ದಾನೆ ಅಂತ ತೋರಿಸಿದರೂ ಹೆಂಡತಿಗೆ ಸಾಕಾಗುತ್ತಿರಲಿಲ್ಲ, ಅದರ ಜೊತೆ ಕ್ರೌರ್ಯವನ್ನೋ ಬಿಟ್ಟು ಹೋದದ್ದನ್ನೋ ರುಜುವಾತು ಮಾಡಬೇಕಿತ್ತು. ಆ ಕಾಯ್ದೆ ಬದಲಾದದ್ದು 2001ರಲ್ಲಿ. ನಿಮ್ಮ ನಾಯಕಿ ಜಪ್ಪುವಿನ ಕ್ರಿಶ್ಚಿಯನ್ ಹೆಂಗಸಾದರೆ ಅವಳನ್ನು ಕೋರ್ಟಿಗೆ ಕಳಿಸಬೇಡಿ, ಸುಮ್ನೆ ತವರಿಗೆ ಕಳಿಸಿ. ಕಾಗದದಲ್ಲಿ ಮದುವೆ ಹಾಗೇ ಉಳಿಯಲಿ.