ಬಾಂಬ್ ಕಾಯುವವರ ಕೆಲಸ

ಪ್ರಶ್ನೆ: ವಾಯುಪಡೆ ಅಂದರೆ ನಮಗೆ ಪೈಲಟ್, ವಿಮಾನ ಅಷ್ಟೇ ಗೊತ್ತು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್‌ಗೆ ಬಾಂಬ್ ದಾಸ್ತಾನು ನೋಡಿಕೊಳ್ಳೋಕೆ ಅಂತಲೇ ಬೇರೆ ಘಟಕಗಳಿದ್ದವಂತೆ. ಅವು ಏನು ಮಾಡುತ್ತಿದ್ದವು?

ಉತ್ತರ: ಇದ್ದವು. ಅವನ್ನು ಮೇಂಟೆನೆನ್ಸ್ ಯೂನಿಟ್, ಚುಟುಕಾಗಿ ಎಂ.ಯು. ಎನ್ನುತ್ತಿದ್ದರು. ಎಲ್ಲ ಎಂ.ಯು.ಗಳೂ ಬಾಂಬ್‌ನವಲ್ಲ. ಕೆಲವು ವಿಮಾನಗಳನ್ನು, ಬಿಡಿಭಾಗಗಳನ್ನು ನೋಡಿಕೊಳ್ಳುತ್ತಿದ್ದವು. ಬಾಂಬ್ ಘಟಕಗಳ ಕೆಲಸ ಇಷ್ಟು: ಕಾರ್ಖಾನೆಯಿಂದ ರೈಲಿನಲ್ಲಿ ಬಂದ ಬಾಂಬ್ ಇಳಿಸಿಕೊಳ್ಳುವುದು, ಲೆಕ್ಕ ಬರೆಯುವುದು, ಆಗಾಗ ತಪಾಸಣೆ ಮಾಡುವುದು, ಕೇಳಿದಾಗ ಏರ್‌ಫೀಲ್ಡ್‌ಗೆ ಕಳಿಸುವುದು, ಕೆಟ್ಟು ವಾಪಸ್ ಬಂದದ್ದನ್ನು ಸರಿ ಮಾಡುವುದು.

ಬಾಂಬ್ ಒಳಗಿನ ಮುಖ್ಯ ಸ್ಫೋಟಕ ಸುಲಭಕ್ಕೆ ಸಿಡಿಯುವುದಿಲ್ಲ. ಅದನ್ನು ಎಬ್ಬಿಸಲು ಸರಪಳಿ ಬೇಕು. ಮೊದಲು ಚಿಕ್ಕ ಡೆಟೊನೇಟರ್, ಅದು ತುಂಬಾ ಸೂಕ್ಷ್ಮ. ಅದರಿಂದ ನಡುವಿನ ಎಕ್ಸ್‌ಪ್ಲೋಡರ್, ಅದರಿಂದ ದೊಡ್ಡ ಸ್ಫೋಟಕ. ಅದಕ್ಕೇ ಡೆಟೊನೇಟರ್, ಫ್ಯೂಸ್ (ಬಾಂಬ್ ಯಾವಾಗ ಸಿಡಿಯಬೇಕೆಂದು ನಿರ್ಧರಿಸುವ ಭಾಗ) ಎಲ್ಲ ಬೇರೆ ಕಡೆ ಇಡುತ್ತಿದ್ದರು. ಹಾರಾಟಕ್ಕೆ ಸ್ವಲ್ಪ ಮುಂಚೆ ಏರ್‌ಫೀಲ್ಡಿನ ಆರ್ಮರರ್‌ಗಳು, ಅಂದರೆ ಶಸ್ತ್ರಾಸ್ತ್ರ ನೋಡಿಕೊಳ್ಳುವವರು, ಬಾಲ, ಫ್ಯೂಸ್ ಜೋಡಿಸಿ ವಿಮಾನಕ್ಕೆ ಏರಿಸುತ್ತಿದ್ದರು. ಈ ಸರಪಳಿ ನೆನಪಿರಲಿ, ಕೆಳಗೆ ಬೇಕಾಗುತ್ತದೆ.

ಪ್ರಶ್ನೆ: ಅಷ್ಟು ಬಾಂಬ್‌ಗಳನ್ನು ನೆಲದಡಿ ಯಾಕೆ ಇಟ್ಟರು?

ಉತ್ತರ: ಶತ್ರು ವಿಮಾನದ ಭಯ. 1930ರ ದಶಕದಲ್ಲೇ ಹಳೆಯ ಗಣಿ, ಕ್ವಾರಿ ಹುಡುಕಲು ಶುರು ಮಾಡಿದರು. ವಿಲ್ಟ್‌ಶೈರ್‌ನ ಚಿಲ್‌ಮಾರ್ಕ್‌ನಲ್ಲಿ ಸುಣ್ಣಕಲ್ಲಿನ ಗಣಿ ಸಿಕ್ಕಿತು, ಸ್ಟಾಫರ್ಡ್‌ಶೈರ್‌ನ ಫಾಲ್ಡ್‌ನಲ್ಲಿ ಜಿಪ್ಸಮ್ ಗಣಿ. ವೇಲ್ಸ್‌ನ ಲಾನ್‌ಬೆರಿಸ್‌ನಲ್ಲಿ ಸ್ಲೇಟ್ ಕ್ವಾರಿಯೊಳಗೆ ಕಾಂಕ್ರೀಟ್ ಗೋದಾಮು ಕಟ್ಟಿ, ಮೇಲೆ ಕಲ್ಲುಪುಡಿ ಸುರಿದು ಮುಚ್ಚಿದರು. ಆ ಭಾರ ತಡೆಯದೆ 1942ರ ಜನವರಿಯಲ್ಲಿ ಚಾವಣಿಯೇ ಕುಸಿದು, ಸಾವಿರಾರು ಟನ್ ಬಾಂಬ್ ಅಡಿಯಲ್ಲಿ ಸಿಕ್ಕಿಕೊಂಡಿತು. ಸದ್ಯ, ಸಿಡಿಯಲಿಲ್ಲ.

ಪ್ರಶ್ನೆ: ಆ ಫಾಲ್ಡ್ ಡಿಪೋದಲ್ಲಿ 1944ರಲ್ಲಿ ಭಾರಿ ಸ್ಫೋಟ ಆಯಿತಲ್ಲ, ಅದು ಶತ್ರುವಿನ ಕೃತ್ಯವೇ?

ಉತ್ತರ: ಅಲ್ಲ. ಅಲ್ಲಿದ್ದದ್ದು 21ನೇ ಎಂ.ಯು. 1944ರ ನವೆಂಬರ್ 27ರ ಬೆಳಿಗ್ಗೆ 11 ಗಂಟೆ ದಾಟಿತ್ತು. 3,500ರಿಂದ 4,000 ಟನ್ ಮದ್ದುಗುಂಡು ಒಮ್ಮೆಲೇ ಸಿಡಿಯಿತು. ಸುಮಾರು 70 ಜನ ಸತ್ತರು, ಹಲವರ ದೇಹವೇ ಸಿಗಲಿಲ್ಲ. ಮೇಲಿದ್ದ ಒಂದು ಫಾರ್ಮ್ ಪೂರ್ತಿ ಮಾಯ. ಹತ್ತಿರದ ಜಲಾಶಯ ಒಡೆದು, ನೀರು ಕೆಸರೆಲ್ಲ ಕೆಳಗಿನ ಕಾರ್ಖಾನೆಗೆ ನುಗ್ಗಿತು. ನೆಲದಲ್ಲಿ 30 ಮೀಟರ್ ಆಳದ, 230 ಮೀಟರ್ ಅಗಲದ ಗುಂಡಿ ಬಿತ್ತು.

ಕಾರಣ ಜನರಿಗೆ ಅಧಿಕೃತವಾಗಿ ತಿಳಿದದ್ದು 1974ರಲ್ಲಿ. ಸಿಡಿಯಬಲ್ಲ ಬಾಂಬಿನಿಂದ ಡೆಟೊನೇಟರ್ ತೆಗೆಯುವಾಗ ಮರದ ಪಟ್ಟಿಯ ಬದಲು ಹಿತ್ತಾಳೆ ಉಳಿ ಬಳಸಿದ್ದೇ ಕಾರಣವಿರಬೇಕು ಎಂದರು. ಮೇಲೆ ಹೇಳಿದ ಸರಪಳಿಯ ಮೊದಲ ಕೊಂಡಿಯೇ ಡೆಟೊನೇಟರ್. ಅಲ್ಲಿ ಎದ್ದ ಕಿಡಿ ಆ ಒಂದು ಬಾಂಬಿಗೇ ನಿಲ್ಲಲಿಲ್ಲ, ಯಾಕೆಂದರೆ ಸುತ್ತಲೂ ಪೇರಿಸಿಟ್ಟಿದ್ದದ್ದೆಲ್ಲ ಬಾಂಬೇ.

ಉಳಿ ಹಿಡಿದವನ ಮೇಲೆ ಎಲ್ಲ ತಪ್ಪನ್ನೂ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಯುದ್ಧ ಜೋರಾಗಿತ್ತು, ಬಾಂಬಿಗೆ ಬೇಡಿಕೆ ವಿಪರೀತ, ಅನುಭವಿಗಳು ಕಡಿಮೆ. ಮೇಲ್ವಿಚಾರಣೆಯ ಒಂದು ಹುದ್ದೆ ವರ್ಷದಿಂದ ಖಾಲಿ ಬಿದ್ದಿತ್ತು. ಈ ಕೆಲಸ ಗೊತ್ತಿಲ್ಲದ ಇಟಲಿಯ ಯುದ್ಧ ಕೈದಿಗಳನ್ನೂ ದುಡಿಸಿಕೊಳ್ಳುತ್ತಿದ್ದರು, ಸತ್ತವರಲ್ಲಿ ಅವರೂ ಇದ್ದಾರೆ. ಕೈದಿಯಾಗಿ ಬಂದವನನ್ನು ಬಾಂಬ್ ಗುಡ್ಡೆ ನಡುವೆ ನಿಲ್ಲಿಸಿದ್ದು ಯಾವ ನ್ಯಾಯ? ಪಕ್ಕದಲ್ಲಿ ನಿಂತು 'ಅದನ್ನು ಇಡಪ್ಪಾ, ಮರದ್ದು ತಗೋ' ಅನ್ನುವ ಒಬ್ಬ ಅನುಭವಿ ಇದ್ದಿದ್ದರೆ ಸಾಕಿತ್ತು, ಅಲ್ವಾ?

ಪ್ರಶ್ನೆ: ಆ ಜಾಗ ಈಗ ಹೇಗಿದೆ?

ಉತ್ತರ: ಅಷ್ಟಾದ ಮೇಲೂ ಡಿಪೋ ಮುಚ್ಚಲಿಲ್ಲ. ರಾಯಲ್ ಏರ್ ಫೋರ್ಸ್ ಅದನ್ನು 1966ರವರೆಗೆ ಬಳಸಿತು. ಆಮೇಲೆ 1973ರವರೆಗೆ ಅಮೆರಿಕದ ಸೇನೆ ಫ್ರಾನ್ಸ್‌ನಿಂದ ತೆರವು ಮಾಡಿದ ಮದ್ದುಗುಂಡನ್ನು ಅಲ್ಲಿಟ್ಟಿತು. ಗುಂಡಿ ಇನ್ನೂ ಇದೆ. ಸತ್ತವರ ಸ್ಮಾರಕವಿದೆ, ಹೋಗಿ ನೋಡಬಹುದು. ಆದರೆ ಸುತ್ತ ಬೇಲಿ, ಎಚ್ಚರಿಕೆ ಫಲಕ. ಸಿಡಿಯದ ಬಾಂಬ್‌ಗಳು ಇನ್ನೂ ಆಳದಲ್ಲಿವೆ. ತೆಗೆಯಲು ಖರ್ಚು ಜಾಸ್ತಿ ಅಂತ ಸರ್ಕಾರ ಕೈಬಿಟ್ಟಿತು.