ದೆಹಲಿ ನಂಬರಿನ ಆಡಿ ಟಿಟಿ, ಬೆಂಗಳೂರಿಗೆ ತರಬಹುದಾ?

2016ರ ಆಡಿ ಟಿಟಿ ಸ್ಪೋರ್ಟ್ಸ್ ಕಾರು ದೆಹಲಿಯಲ್ಲಿ ಕಡಿಮೆಗೆ ಸಿಗುತ್ತಿದೆ, ವಾರಾಂತ್ಯ ಓಡಿಸಲು ಬೆಂಗಳೂರಿಗೆ ತರಲಾ ಅಂತ ಕೇಳಿದ್ದೀರಿ. ಮೊದಲು ತೆರಿಗೆ ನೋಡಿ. ಇಲ್ಲಿ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ಅದೂ ನೀವು ಕೊಡುವ ದುಡ್ಡಿನ ಮೇಲಲ್ಲ, ಕಾರಿನ ಹೊಸ ಬೆಲೆ ಮತ್ತು ವಯಸ್ಸು ನೋಡಿ. ಆರ್‌ಟಿಒದಲ್ಲಿ ಮೊತ್ತ ಕೇಳಿಕೊಂಡೇ ಅಡ್ವಾನ್ಸ್ ಕೊಡಿ. ದೆಹಲಿ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬರುವ ತನಕ ಪೂರ್ತಿ ಹಣ ಕೊಡಲೇಬೇಡಿ.

ಕಾರು ಮಾತ್ರ ಸೊಗಸಾಗಿದೆ. 2 ಲೀಟರ್ ಟರ್ಬೊ ಪೆಟ್ರೋಲ್, 230 ಎಚ್‌ಪಿ, ಎಳೆತ ನಾಲ್ಕೂ ಚಕ್ರಕ್ಕೆ. ಡ್ಯುಯಲ್ ಕ್ಲಚ್ (ಎರಡು ಕ್ಲಚ್‌ನ ಆಟೊಮ್ಯಾಟಿಕ್) ಗೇರ್‌ಬಾಕ್ಸ್‌ನದ್ದೇ ಚಿಂತೆ. ಅದರ ಆಯಿಲ್ 60,000 ಕಿ.ಮೀ.ಗೊಮ್ಮೆ ಬದಲಾಗಿರಬೇಕು, ಬಿಲ್ ಕೇಳಿ. ನೋಡಲು ಹೋದಾಗ ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ. ಟ್ರಾಫಿಕ್‌ನಲ್ಲಿ ಬ್ರೇಕ್ ಬಿಟ್ಟು ಸುಮ್ನೆ ನಿಧಾನಕ್ಕೆ ಹೋಗಲು ಬಿಡಿ. ಗಡಗಡ ನಡುಗಿದರೆ ಬೇಡ.

ಲಿಫ್ಟಿಗೆ ಏರಿಸಿ ಅಡಿಭಾಗ ನೋಡದೆ ಬರಬೇಡಿ. ನಾನು ನೋಡಿದ ಒಂದು ಕಾರು ಮೇಲೆ ಕನ್ನಡಿ ಥರ ಹೊಳೆಯುತ್ತಿತ್ತು. ಕೆಳಗೆ ಪ್ಲಾಸ್ಟಿಕ್ ಹೊದಿಕೆ ಹಂಪ್‌ಗಳಿಗೆ ಉಜ್ಜಿ ಹರಿದಿತ್ತು, ತಂತಿಯಲ್ಲಿ ಬಿಗಿದು ಕಟ್ಟಿದ್ದರು. ಬೇಜಾರಾಯಿತು, ವಾಪಸ್ ಬಂದೆ.

ಹಿಂದಿನ ಸೀಟು ಮಕ್ಕಳಿಗೂ ಇಕ್ಕಟ್ಟು. ಮನೆಯಲ್ಲಿ ದೊಡ್ಡ ಕಾರು ಇದೆ ಅಂದಿದ್ದೀರಲ್ವಾ, ಹಾಗಾಗಿ ಅದು ತೊಂದರೆಯಲ್ಲ. ನೋಡಿ ಬಂದ ಮೇಲೆ ಸರ್ವಿಸ್ ದಾಖಲೆ ಹೇಗಿತ್ತು ಅಂತ ಬರೆಯಿರಿ.