ಅನ್‌ಮೌಂಟ್ ಒಮ್ಮೊಮ್ಮೆ ಮಾತ್ರ ಫೇಲ್ ಆಗುವುದೇಕೆ?

ಪ್ರಶ್ನೆ: ಲಿನಕ್ಸ್ ಕರ್ನಲ್ ಪರೀಕ್ಷೆಗೆ ಒಂದು ಶೆಲ್ ಸ್ಕ್ರಿಪ್ಟ್ ಬರೆದಿದ್ದೇನೆ. ಅದು ಒಂದು ಫೈಲ್‌ಸಿಸ್ಟಂ ಅನ್ನು ಮೌಂಟ್ ಮಾಡುತ್ತದೆ, ಅಂದರೆ ಒಂದು ಡೈರೆಕ್ಟರಿಗೆ ಜೋಡಿಸುತ್ತದೆ. ಹಿನ್ನೆಲೆಯಲ್ಲಿ ಒಂದು ಪ್ರೋಗ್ರಾಂ ಅದರೊಳಗೆ ಫೈಲ್ ಬರೆಯುತ್ತಿರುತ್ತದೆ. ಕೊನೆಗೆ ಆ ಪ್ರೋಗ್ರಾಂ ಅನ್ನು ಕಿಲ್ ಮಾಡಿ, ಫೈಲ್‌ಸಿಸ್ಟಂ ಅನ್ನು ಅನ್‌ಮೌಂಟ್ ಮಾಡುತ್ತೇನೆ (ಜೋಡಣೆ ಬಿಡಿಸುತ್ತೇನೆ). ಹತ್ತು ಸಲ ಓಡಿಸಿದರೆ ಒಂದೆರಡು ಸಲ ‘ಟಾರ್ಗೆಟ್ ಈಸ್ ಬ್ಯುಸಿ’ (ಇನ್ನೂ ಬಳಕೆಯಲ್ಲಿದೆ) ಎಂದು ನಿಲ್ಲುತ್ತದೆ. ನಡುವೆ ಎರಡು ಸೆಕೆಂಡ್ ಸ್ಲೀಪ್ ಹಾಕಿದರೆ ಸರಿಹೋಗುತ್ತದೆ. ಇಷ್ಟು ಸಾಕಾ?

ಉತ್ತರ: ಸಾಲದು. ಸ್ಲೀಪ್ ಹಾಕಿದರೆ ದೋಷ ಹೋಗುವುದಿಲ್ಲ, ಅಡಗಿ ಕೂರುತ್ತದೆ. ನಿಮ್ಮ ಲ್ಯಾಪ್‌ಟಾಪಿಗೆ ಎರಡು ಸೆಕೆಂಡ್ ಧಾರಾಳ. ಲೋಡ್ ಜಾಸ್ತಿ ಇರುವ ವರ್ಚುವಲ್ ಮಶೀನಿಗೆ ಸಾಲದೇ ಹೋಗಬಹುದು.

ಕಿಲ್ ಆಜ್ಞೆ ಸಿಗ್ನಲ್ ಕಳಿಸಿ ತಕ್ಷಣ ವಾಪಸ್ ಬರುತ್ತದೆ. ಪ್ರೋಗ್ರಾಂ ಆಗಲೇ ಸತ್ತಿರುತ್ತದೆ ಅಂತೇನಿಲ್ಲ. ಅದು ಡಿಸ್ಕಿಗೆ ಬರೆಯುವ ನಡುವೆ ಸಿಕ್ಕಿಬಿದ್ದಿದ್ದರೆ, ಆ ಕೆಲಸ ಮುಗಿಯುವವರೆಗೂ ಅದರ ಫೈಲ್ ತೆರೆದೇ ಇರುತ್ತದೆ. ಅಷ್ಟರಲ್ಲಿ ನಿಮ್ಮ ಅನ್‌ಮೌಂಟ್ ಬಂದು ಬಾಗಿಲು ತಟ್ಟುತ್ತದೆ. ಹಾಗಾಗಿ ಕಿಲ್ ಆದ ಮೇಲೆ ಅದೇ ಪ್ರಾಸೆಸ್ (ಓಡುತ್ತಿರುವ ಪ್ರೋಗ್ರಾಂ) ಸಂಖ್ಯೆ ಕೊಟ್ಟು ವೇಟ್ ಆಜ್ಞೆ ಹಾಕಿ. ಹೆಚ್ಚಿನ ಸ್ಕ್ರಿಪ್ಟ್‌ಗಳು ಈ ಒಂದೇ ಸಾಲಿಗೆ ಸರಿಹೋಗುತ್ತವೆ. ಒಂದು ಎಚ್ಚರ: ವೇಟ್ ನಿಮ್ಮ ಶೆಲ್ ಹುಟ್ಟಿಸಿದ ಪ್ರಾಸೆಸ್‌ಗೆ ಮಾತ್ರ ಕಾಯುತ್ತದೆ. ಆ ಪ್ರೋಗ್ರಾಂ ತಾನೇ ಮಕ್ಕಳನ್ನು ಹುಟ್ಟಿಸಿದ್ದರೆ ಅವು ಉಳಿದುಬಿಡುತ್ತವೆ. ಆಗ ಇಡೀ ಪ್ರಾಸೆಸ್ ಗುಂಪಿಗೇ ಸಿಗ್ನಲ್ ಕಳಿಸಿ, ಎಲ್ಲವೂ ಹೋದವಾ ಅಂತ ನೋಡಿ.

ಸ್ಕ್ರಿಪ್ಟೇ ಆ ಮೌಂಟ್ ಆದ ಡೈರೆಕ್ಟರಿಯೊಳಗೆ ಸಿಡಿ ಆಜ್ಞೆಯಿಂದ ಹೋಗಿ ಕೂತಿಲ್ಲ ತಾನೇ? ಕೂತಿದ್ದರೂ ಬ್ಯುಸಿ ಎಂದೇ ಬರುತ್ತದೆ. ಇದು ಸಮಯದ ಸಮಸ್ಯೆಯಲ್ಲ, ಆದರೂ ಮೊದಲೇ ನೋಡಿಬಿಡಿ.

ಇನ್ನು ನಿಮ್ಮ ಕೈಯಲ್ಲಿಲ್ಲದವರೂ ಇದ್ದಾರೆ. ಡೆಸ್ಕ್‌ಟಾಪ್‌ನ ಕೆಲವು ಡೀಮನ್‌ಗಳು (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂಗಳು) ಹೊಸ ಮೌಂಟ್ ಕಂಡ ಕೂಡಲೇ ಒಳಗೆ ಇಣುಕುತ್ತವೆ. ಅವಕ್ಕೆ ವೇಟ್ ಹಾಕಲು ಆಗಲ್ಲ. ಇಲ್ಲಿ ಮಾತ್ರ ಮತ್ತೆ ಮತ್ತೆ ಪ್ರಯತ್ನಿಸುವುದು ಸರಿ, ಆದರೆ ಮಿತಿ ಇರಲಿ. ಎಲ್‌ಟಿಪಿ (ಲಿನಕ್ಸ್ ಟೆಸ್ಟ್ ಪ್ರಾಜೆಕ್ಟ್) ಪರೀಕ್ಷಾ ಸಂಗ್ರಹದ ಅನ್‌ಮೌಂಟ್ ಫಂಕ್ಷನ್ 100 ಮಿಲಿಸೆಕೆಂಡ್ ಬಿಟ್ಟು ಬಿಟ್ಟು 50 ಸಲದವರೆಗೆ ಪ್ರಯತ್ನಿಸುತ್ತದೆ. ಸುಮಾರು 5 ಸೆಕೆಂಡ್ ಆಯಿತು. ಬೇಗ ಆದರೆ ಬೇಗ ಮುಂದೆ ಹೋಗುತ್ತದೆ, ಸುಮ್ನೆ ಕಾಯುವುದಿಲ್ಲ. ಮಿತಿ ಮುಗಿದರೂ ಆಗದಿದ್ದರೆ ಫ್ಯೂಸರ್ ಆಜ್ಞೆ ಓಡಿಸಿ, ಯಾವ ಪ್ರಾಸೆಸ್ ಹಿಡಿದಿದೆ ಎಂದು ಲಾಗ್‌ನಲ್ಲಿ ಬರೆಸಿ, ಪರೀಕ್ಷೆಯನ್ನು ಫೇಲ್ ಮಾಡಿ. ಕರ್ನಲ್ಲೇ ರೆಫರೆನ್ಸ್ (ಬಳಕೆಯಲ್ಲಿದೆ ಎಂಬ ಲೆಕ್ಕ) ಬಿಡದೆ ಉಳಿಸಿಕೊಂಡಿದ್ದರೆ ನೀವು ಹುಡುಕುತ್ತಿರುವ ಬಗ್ ಅದೇ ಇರಬಹುದು ಅಲ್ವಾ?

ಬ್ಯುಸಿ ಇದ್ದರೂ ಒಪ್ಪುವ ಲೇಜಿ ಅನ್‌ಮೌಂಟ್ ಮಾತ್ರ ದಯವಿಟ್ಟು ಬೇಡ. ಅದು ಮೌಂಟ್ ಅನ್ನು ಡೈರೆಕ್ಟರಿ ಮರದಿಂದ ಕಿತ್ತು ‘ಆಯಿತು’ ಅನ್ನುತ್ತದೆ. ಫೈಲ್ ತೆರೆದಿದ್ದರೆ ಫೈಲ್‌ಸಿಸ್ಟಂ ಕರ್ನಲ್ ಒಳಗೆ ಇನ್ನೂ ಜೀವಂತ. ಮುಂದಿನ ಸಾಲಿನಲ್ಲಿ ಫಾರ್ಮ್ಯಾಟ್ ಮಾಡಲು ಹೋದಾಗ ಸಾಧನ ಬಳಕೆಯಲ್ಲಿದೆ ಎಂಬ ದೂರು ಬರುತ್ತದೆ. ಆಗ ತಪ್ಪು ಇರುವುದು ಒಂದು ಕಡೆ, ನೀವು ಹುಡುಕುವುದು ಇನ್ನೊಂದು ಕಡೆ.